ಮಣ್ಣಿನ ಅಣೆಕಟ್ಟು ಒಡೆದರೆ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಕುರ್ಲಾದ ಮೀಠಿ ದಡದಿಂದ ಒಂದು ಲೆಕ್ಕ

ಮುಂಬೈನಲ್ಲಿ ಮಳೆಗಾಲ ಬಿರುಸಾದ ಮೇಲೆ ಒಂದು ಸುದ್ದಿ ತಪ್ಪದೇ ಬರುತ್ತದೆ: ‘ವಿಹಾರ್ ಕೆರೆ ತುಂಬಿ ಹರಿಯಿತು’. ಅದರ ಬೆನ್ನಿಗೇ ಮೀಠಿ ನದಿಯ ಮಟ್ಟ ಏರಿತು, ಕುರ್ಲಾದ ಕ್ರಾಂತಿ ನಗರದ ಜನರನ್ನು ಪಾಲಿಕೆ ಶಾಲೆಗೆ ಸ್ಥಳಾಂತರಿಸಲಾಯಿತು ಎಂಬ ಸಾಲು. 2025ರ ಆಗಸ್ಟ್ 19ರಂದು ಮೀಠಿ ನದಿ 3.9 ಮೀಟರ್ ಮಟ್ಟ ಮುಟ್ಟಿದಾಗಲೂ ಹೀಗೇ ನೂರಾರು ಮಂದಿಯನ್ನು ಅಲ್ಲಿಂದ ಕರೆದೊಯ್ಯಲಾಗಿತ್ತು.

ಇಂಥ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪ್ರಶ್ನೆ ಬೇರೆಯೇ ಇರುತ್ತದೆ. ‘ಡ್ಯಾಂ ಒಡೆಯುತ್ತಾ?’ ಪ್ರಶ್ನೆ ತಮಾಷೆಯದ್ದಲ್ಲ. ಆದರೆ ಅದಕ್ಕೆ ಉತ್ತರ ಹುಡುಕುವ ತಜ್ಞರು ಪ್ರಶ್ನೆಯನ್ನೇ ತಿರುಗಿಸಿಕೊಳ್ಳುತ್ತಾರೆ. ಅಣೆಕಟ್ಟು ಯಾವ ದಿನ ಒಡೆಯುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ಒಡೆಯಿತು ಎಂದೇ ಇಟ್ಟುಕೊಂಡರೆ ಎಷ್ಟು ನೀರು, ಯಾವ ದಾರಿಯಲ್ಲಿ, ಎಷ್ಟು ನಿಮಿಷದಲ್ಲಿ, ಯಾರ ಮನೆ ಬಾಗಿಲಿಗೆ ಬರುತ್ತದೆ ಎಂಬುದನ್ನು ಮಾತ್ರ ಸುಮಾರಾಗಿ ಲೆಕ್ಕ ಹಾಕಬಹುದು. ಪ್ರವಾಹ ಮುನ್ಸೂಚನೆಯ ಈ ಶಾಖೆಗೆ ‘ಡ್ಯಾಂ ಬ್ರೇಕ್ ಅನಾಲಿಸಿಸ್’ ಎಂದು ಹೆಸರು.

ಕುರ್ಲಾ ಏಕೆ?

ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದವರು ಇಳಿಯುವ ಲೋಕಮಾನ್ಯ ತಿಲಕ್ ಟರ್ಮಿನಸ್ ಇರುವುದು ಕುರ್ಲಾದಲ್ಲೇ. ಹಾಗಾಗಿ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ರೈಲು ಹಳಿಯ ಪಶ್ಚಿಮಕ್ಕೆ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಗಾಜಿನ ಕಟ್ಟಡಗಳಿಗೂ ಇಕ್ಕಟ್ಟಿನ ಚಾಳುಗಳಿಗೂ ಹತ್ತಿರದಲ್ಲೇ ಹರಿಯುವುದು ಮೀಠಿ.

ಸುಮಾರು 18 ಕಿ.ಮೀ. ಉದ್ದದ ಈ ನದಿಗೆ ಬೆಟ್ಟದ ಊಟೆಯಂಥ ಮೂಲವಿಲ್ಲ. ವಿಹಾರ್ ಕೆರೆಯ ಕೋಡಿ ನೀರೇ ಅದರ ಆರಂಭ. ಸ್ವಲ್ಪ ಕೆಳಗೆ ಪೊವಾಯಿ ಕೆರೆಯ ಹೆಚ್ಚುವರಿ ನೀರು ಸೇರಿಕೊಳ್ಳುತ್ತದೆ. ಸಾಕಿನಾಕಾ, ಕುರ್ಲಾ, ಕಲೀನಾ, ವಾಕೋಲಾ, ಧಾರಾವಿ ಬದಿ ಹಾದು ಮಾಹಿಂ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ. ಕುರ್ಲಾ ಇರುವುದು ಈ ದಾರಿಯ ಹೆಚ್ಚುಕಡಿಮೆ ನಡುಭಾಗದಲ್ಲಿ.

ವಿಹಾರ್ ಬ್ರಿಟಿಷರ ಕಾಲದ ಕೆಲಸ. ನಗರಕ್ಕೆ ಕೊಳವೆಯಲ್ಲಿ ನೀರು ಕೊಡಲು 1856ರಲ್ಲಿ ಶುರುವಾಗಿ 1860ರ ಸುಮಾರಿಗೆ ಮುಗಿದ ಯೋಜನೆ. ನೀರನ್ನು ತಡೆದು ನಿಲ್ಲಿಸಿರುವುದು ಮಣ್ಣಿನ ಏರಿ. ತುಂಬಿದಾಗ ಹಿಡಿಯುವ ನೀರು ಸುಮಾರು 2,770 ಕೋಟಿ ಲೀಟರ್, ಅಂದರೆ 2.77 ಕೋಟಿ ಘನ ಮೀಟರ್. ಪೊವಾಯಿಯದ್ದು 545 ಕೋಟಿ ಲೀಟರ್. ವಿಹಾರ್ 160 ವರ್ಷಕ್ಕೂ ಹೆಚ್ಚು ಕಾಲ ನಿಂತಿದೆ. 2005ರ ಜುಲೈ 26ರ ಮಹಾಮಳೆಯನ್ನೂ ತಡೆದುಕೊಂಡಿದೆ. ಆದ್ದರಿಂದ ಈ ಬರಹ ಅದು ಒಡೆಯುತ್ತದೆ ಎಂದು ಹೇಳುವುದಲ್ಲ. ಕೆಳಗೆ ಇಷ್ಟು ಜನ ಇರುವಲ್ಲಿ ಲೆಕ್ಕ ಹೇಗೆ ಹಾಕುತ್ತಾರೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

‘ತುಂಬಿ ಹರಿಯಿತು’ ಅಂದರೆ ಯಾವುದರ ಮೇಲೆ?

ಕನ್ನಡದಲ್ಲಿ ಕೆರೆಯ ಭಾಗಗಳಿಗೆ ಚೊಕ್ಕ ಪದಗಳಿವೆ: ನೀರು ತಡೆಯುವ ಏರಿ, ಬೇಕಾದಾಗ ನೀರು ಬಿಡುವ ತೂಬು, ಹೆಚ್ಚಾದದ್ದು ಹೊರಹೋಗುವ ಕೋಡಿ. ಕೋಡಿ ಬಿದ್ದರೆ ನಮ್ಮಲ್ಲಿ ಬಾಗಿನ ಕೊಡುತ್ತಾರೆ, ಅದು ಸಂಭ್ರಮ. ವಿಹಾರ್ ‘ತುಂಬಿ ಹರಿಯಿತು’ ಎಂಬ ಸುದ್ದಿಯೂ ಕೋಡಿಯದ್ದೇ. ಭಯಪಡಬೇಕಾದ್ದು ನೀರು ಏರಿಯ ಮೇಲೆ ಹತ್ತಿದಾಗ. ಶೀರ್ಷಿಕೆಗಳಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಬಳಸುವುದರಿಂದ ಅರ್ಧ ಗಾಬರಿ ಅಲ್ಲೇ ಹುಟ್ಟುತ್ತದೆ.

ಕಾಂಕ್ರೀಟ್ ಅಣೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೂ ಅದು ನಿಂತೀತು. ಮಣ್ಣು ನಿಲ್ಲದು. ಏರಿಯ ಮೇಲಿಂದ ಇಳಿಯುವ ನೀರು ಹಿಂಬದಿಯ ಇಳಿಜಾರನ್ನು ಕೊರೆಯುತ್ತದೆ, ಕೊರಕಲು ಹಿಂದೆ ಸರಿಯುತ್ತಾ ಕೆರೆಯ ಕಡೆ ಬರುತ್ತದೆ, ಒಮ್ಮೆ ನೀರಿಗೆ ತಾಗಿದರೆ ಬಾಯಿ ಅಗಲವಾಗುತ್ತಲೇ ಹೋಗುತ್ತದೆ. ಗುಜರಾತಿನ ಮಚ್ಛು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಆದದ್ದು ಇದೇ. ಒಳಹರಿವು ಗೇಟುಗಳ ಸಾಮರ್ಥ್ಯವನ್ನು ಎಷ್ಟೋ ಪಟ್ಟು ಮೀರಿತು, ಎರಡೂ ಬದಿಯ ಮಣ್ಣಿನ ಭಾಗ ಕೊಚ್ಚಿಹೋಯಿತು, ಕೆಳಗಿನ ಮೋರ್ಬಿ ಪಟ್ಟಣ ಮುಳುಗಿತು. ಸತ್ತವರ ಲೆಕ್ಕ ಇಂದಿಗೂ ಒಂದಾಗಿಲ್ಲ. 1,800ರಿಂದ 25,000ದವರೆಗೆ ಅಂದಾಜುಗಳಿವೆ.

ಎರಡನೆಯ ದಾರಿ ಹೊರಗೆ ಕಾಣುವುದಿಲ್ಲ. ನೀರು ಏರಿಯ ಒಳಗೆ ಸಣ್ಣ ಕಾಲುವೆ ಕೊರೆದು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತದೆ. ಎಂಜಿನಿಯರುಗಳು ಇದನ್ನು ‘ಪೈಪಿಂಗ್’ ಎನ್ನುತ್ತಾರೆ. ತೂಬಿನ ಕೊಳವೆಯ ಪಕ್ಕ, ಸತ್ತ ಮರದ ಬೇರಿನ ಜಾಡು, ಇಲಿ-ಹೆಗ್ಗಣದ ಬಿಲ ಇವೆಲ್ಲ ಅದಕ್ಕೆ ಅನುಕೂಲ. ಜಗತ್ತಿನಾದ್ಯಂತ ದೊಡ್ಡ ಮಣ್ಣಿನ ಅಣೆಕಟ್ಟುಗಳ ವೈಫಲ್ಯ ಪರಿಶೀಲಿಸಿದ ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಅರ್ಧ ಏರಿ ಮೀರಿದ ನೀರಿನಿಂದ, ಉಳಿದರ್ಧದ ಬಹುಪಾಲು ಇಂಥ ಒಳಕೊರೆತದಿಂದ. ಇಳಿಜಾರು ಕುಸಿತ, ಭೂಕಂಪದ ಪಾಲು ಸಣ್ಣದು.

ಇವೆರಡರ ವ್ಯತ್ಯಾಸ ಮುನ್ಸೂಚನೆಗೆ ಮುಖ್ಯ. ಏರಿ ಮೀರುವ ನೀರಿಗೆ ಮಳೆಯ ಮುನ್ಸೂಚನೆಯೇ ಮೊದಲ ಎಚ್ಚರಿಕೆ. ಒಳಕೊರೆತಕ್ಕೆ ಮಳೆಯೇ ಬೇಕಿಲ್ಲ. ಬೆಂಗಳೂರಿನ ಹುಳಿಮಾವು ಕೆರೆ ಏರಿ 2019ರ ನವೆಂಬರ್ 24ರಂದು, ಒಂದು ಭಾನುವಾರ, ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತ್ತು. ಅಂದು ಕಾರಣ ಎಂದು ವರದಿಯಾದದ್ದು ಮಳೆಯಲ್ಲ, ಏರಿ ಬಳಿ ನಡೆದ ಅಗೆತ.

ಲೆಕ್ಕ ಹಾಕುವುದು ಹೇಗೆ?

ಮೊದಲು ಅಣೆಕಟ್ಟಿನಲ್ಲಿ ಒಂದು ಬಿರುಕುಬಾಯಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಅದು ಎಷ್ಟು ಅಗಲ, ಎಷ್ಟು ಆಳ, ಪೂರ್ತಿ ತೆರೆದುಕೊಳ್ಳಲು ಎಷ್ಟು ಹೊತ್ತು ಎಂಬುದನ್ನು ಹಿಂದೆ ಒಡೆದ ಅಣೆಕಟ್ಟುಗಳ ಅಳತೆಗಳಿಂದ ಅಂದಾಜಿಸಲಾಗುತ್ತದೆ. ಮಣ್ಣಿನ ಏರಿಯಲ್ಲಿ ಬಾಯಿಯ ಅಗಲ ಸಾಮಾನ್ಯವಾಗಿ ಎತ್ತರದ ಕೆಲವು ಪಟ್ಟು. ತೆರೆದುಕೊಳ್ಳಲು ಕೆಲವು ನಿಮಿಷಗಳಿಂದ ಕೆಲವು ಗಂಟೆ.

ಅಮೆರಿಕದ ಎಂಜಿನಿಯರ್ ಫ್ರೋಲಿಕ್ 1995ರಲ್ಲಿ ಕೊಟ್ಟ ಒಂದು ಸೂತ್ರ ಇಂದಿಗೂ ಬಳಕೆಯಲ್ಲಿದೆ. ಒಡೆದಾಗ ಬರುವ ಗರಿಷ್ಠ ಹರಿವಿಗೆ ಅದು ಕೇಳುವುದು ಎರಡೇ ಸಂಗತಿ: ಹಿಂದೆ ನಿಂತ ನೀರಿನ ಪ್ರಮಾಣ ಮತ್ತು ಬಿರುಕುಬಾಯಿಯ ತಳದಿಂದ ನೀರಿನ ಎತ್ತರ. ಪ್ರಮಾಣವನ್ನು 0.295 ಘಾತಕ್ಕೂ ಎತ್ತರವನ್ನು 1.24 ಘಾತಕ್ಕೂ ಏರಿಸಿ, ಎರಡನ್ನೂ ಗುಣಿಸಿ, 0.607ರಿಂದ ಮತ್ತೆ ಗುಣಿಸಿದರೆ ಉತ್ತರ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಬರುತ್ತದೆ.

ಗಣಿತ ಬೇಡವೆನ್ನುವವರು ಫಲಿತಾಂಶ ಮಾತ್ರ ನೋಡಿ. 20 ಲಕ್ಷ ಘನ ಮೀಟರ್ ನೀರಿನ, 20 ಮೀಟರ್ ಎತ್ತರದ ಒಂದು ಕಾಲ್ಪನಿಕ ಕೆರೆ ಎಂದುಕೊಳ್ಳೋಣ. ಸೂತ್ರದ ಪ್ರಕಾರ ಒಡೆದಾಗ ಗರಿಷ್ಠ ಹರಿವು ಸೆಕೆಂಡಿಗೆ ಸುಮಾರು 1,800 ಘನ ಮೀಟರ್. ನಮಗೆ ರೂಢಿಯಾದ ಲೆಕ್ಕದಲ್ಲಿ 63 ಸಾವಿರ ಕ್ಯೂಸೆಕ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಆ ಒಂದು ಗೇಟಿನಿಂದ ಹರಿದದ್ದು ಸುಮಾರು 35 ಸಾವಿರ ಕ್ಯೂಸೆಕ್ ಎಂದು ವರದಿಯಾಗಿತ್ತು. ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುವ ಕೆರೆಯೂ ಕೆಲವು ನಿಮಿಷಗಳ ಮಟ್ಟಿಗೆ ಅದನ್ನು ಮೀರಿಸಬಲ್ಲದು. (ಅಂದ ಹಾಗೆ, ತುಂಗಭದ್ರಾದಲ್ಲಿ ಹೋದದ್ದು ಗೇಟು, ಅಣೆಕಟ್ಟಲ್ಲ. ಅದು ಕಲ್ಲುಕಟ್ಟಡ, ಅಲ್ಲಿ ಈ ಸೂತ್ರಕ್ಕೆ ಕೆಲಸವಿಲ್ಲ.)

ಈಗ ಅದೇ ಕೆರೆಯ ನೀರನ್ನು ಹತ್ತು ಪಟ್ಟು ಮಾಡಿ, ಎತ್ತರ ಹಾಗೇ ಇರಲಿ. ಗರಿಷ್ಠ ಹರಿವು ಹತ್ತು ಪಟ್ಟಾಗುವುದಿಲ್ಲ, ಎರಡು ಪಟ್ಟಿನ ಹತ್ತಿರ ನಿಲ್ಲುತ್ತದೆ. ನೀರನ್ನು ಹಾಗೇ ಬಿಟ್ಟು ಎತ್ತರವನ್ನು ಮಾತ್ರ ದುಪ್ಪಟ್ಟು ಮಾಡಿದರೆ ಹರಿವು ಎರಡೂಕಾಲು ಪಟ್ಟು ದಾಟುತ್ತದೆ. ಹರಿವಿನ ಮೊದಲ ಹೊಡೆತವನ್ನು ತೀರ್ಮಾನಿಸುವುದು ಮುಖ್ಯವಾಗಿ ಎತ್ತರ. ನೀರಿನ ಪ್ರಮಾಣ ತೀರ್ಮಾನಿಸುವುದು ಆ ಹೊಡೆತ ಎಷ್ಟು ಹೊತ್ತು, ಎಷ್ಟು ದೂರ ಮುಂದುವರಿಯುತ್ತದೆ ಎಂಬುದನ್ನು. ನಮ್ಮ ಕಾಲ್ಪನಿಕ ಕೆರೆ ಗರಿಷ್ಠ ವೇಗದಲ್ಲೇ ಹರಿದರೆ 20 ನಿಮಿಷದೊಳಗೆ ಬರಿದಾಗುತ್ತದೆ. ಹಾಗಾಗಿ ಪಕ್ಕದ ಹಳ್ಳಿಗೆ ಪ್ರಳಯವಾದದ್ದು 30 ಕಿ.ಮೀ. ಕೆಳಗಿನ ಊರಿಗೆ ಹೊಳೆ ಕೆಂಪಾದ ಸುದ್ದಿ ಮಾತ್ರ ಆಗಿರಬಹುದು.

ಸೂತ್ರವನ್ನು ಎಷ್ಟು ನಂಬಬೇಕು? ಅಮೆರಿಕದ ಇಡಾಹೋದಲ್ಲಿ 1976ರ ಜೂನ್ 5ರಂದು ಒಡೆದ ಟೀಟನ್ ಅಣೆಕಟ್ಟಿಗೆ ಇದನ್ನೇ ಹಚ್ಚಿದರೆ ಸೆಕೆಂಡಿಗೆ ಸುಮಾರು 43 ಸಾವಿರ ಘನ ಮೀಟರ್ ಬರುತ್ತದೆ. ನಿಜವಾಗಿ ಹರಿದದ್ದು ಸುಮಾರು 65 ಸಾವಿರ. ಇಂಥ ಸೂತ್ರಗಳನ್ನು ಹಳೆಯ ದುರಂತಗಳ ಮೇಲೆ ಪರೀಕ್ಷಿಸಿದಾಗ ಒಳ್ಳೆಯವೆನಿಸಿಕೊಂಡವೂ ಅರ್ಧದಿಂದ ಎರಡು ಪಟ್ಟಿನವರೆಗೆ ತಪ್ಪುತ್ತವೆ ಎಂದು ಕಂಡಿದೆ. ಒಡೆಯಲು ಹಿಡಿಯುವ ಸಮಯದ ಅಂದಾಜು ಇನ್ನೂ ದುರ್ಬಲ. ಅದಕ್ಕೇ ಒಂದೇ ಸಂಖ್ಯೆಯನ್ನು ಹಿಡಿದು ಕೂರದೆ, ಮಳೆಯಿಲ್ಲದ ದಿನ ಒಡೆದರೆ, ಭಾರಿ ಮಳೆಯ ದಿನ ಒಡೆದರೆ, ಬೇಗ ಒಡೆದರೆ, ನಿಧಾನಕ್ಕೆ ಒಡೆದರೆ ಎಂದು ಹಲವು ಸನ್ನಿವೇಶಗಳನ್ನು ಓಡಿಸಿ ನೋಡುತ್ತಾರೆ. ಅಮೆರಿಕ ಸೇನೆಯ ಎಂಜಿನಿಯರ್ ದಳ ಉಚಿತವಾಗಿ ಕೊಡುವ ‘ಹೆಕ್-ರಾಸ್’ ತಂತ್ರಾಂಶ ಈ ಕೆಲಸಕ್ಕೆ ಭಾರತದಲ್ಲೂ ಬಳಕೆಯಲ್ಲಿದೆ.

ಕುರ್ಲಾದಲ್ಲಿ ಲೆಕ್ಕ ತೊಡಕಾಗುವುದು ಎಲ್ಲಿ?

ಸರಳ ಅಂಕಗಣಿತದಿಂದ ಶುರು ಮಾಡೋಣ. ಏರಿಯಿಂದ 8 ಕಿ.ಮೀ. ಕೆಳಗಿನ ಒಂದು ಜಾಗ. ಪ್ರವಾಹದ ಮುಂಚೂಣಿ ಸೆಕೆಂಡಿಗೆ 2ರಿಂದ 3 ಮೀಟರ್ ವೇಗದಲ್ಲಿ ಬಂದರೆ ಅಲ್ಲಿಗೆ ತಲುಪಲು 45ರಿಂದ 67 ನಿಮಿಷ. ಇದು ಮೀಠಿಯ ಅಧ್ಯಯನದ ಫಲಿತಾಂಶವಲ್ಲ, ದೂರವನ್ನು ವೇಗದಿಂದ ಭಾಗಿಸಿದ್ದು ಅಷ್ಟೇ. ಆದರೆ ಮಾತು ಗಂಟೆಗಳದ್ದಲ್ಲ, ನಿಮಿಷಗಳದ್ದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ನಿಜವಾದ ಮಾದರಿ ಮಾಡಹೊರಟರೆ ಬಯಲಿನ ನದಿಗೆ ಇಲ್ಲದ ತಲೆನೋವುಗಳು ಇಲ್ಲಿವೆ. ನದಿಯನ್ನು ವಿಮಾನ ನಿಲ್ದಾಣದ ಬಳಿ ತಿರುಗಿಸಲಾಗಿದೆ, ರನ್‌ವೇ ಅದರ ಮೇಲೆಯೇ ಹಾದಿದೆ. ಹಲವು ಕಡೆ ದಡವನ್ನು ಒತ್ತಿ ಕಿರಿದುಮಾಡಲಾಗಿದೆ, 2005ರ ನಂತರ ಕೆಲವು ಕಡೆ ಅಗಲ ಮಾಡಿ ತಡೆಗೋಡೆ ಕಟ್ಟಲಾಗಿದೆ. ಸೇತುವೆಯ ಕಂಬಕ್ಕೆ ಕಸ ಸಿಕ್ಕಿಕೊಂಡರೆ ಅದೇ ಒಂದು ಪುಟ್ಟ ಅಣೆಕಟ್ಟು. ನೀರು ನದಿಯಲ್ಲೇ ಇರುವುದಿಲ್ಲ. ಗಲ್ಲಿ ಹಿಡಿದು ಎಲ್‌ಬಿಎಸ್ ರಸ್ತೆಗೆ, ರೈಲು ಹಳಿಗೆ ಬರುತ್ತದೆ. ಮನೆಗಳ ಗೋಡೆ ನೀರಿನ ವೇಗ ತಗ್ಗಿಸುತ್ತದೆ ಆದರೆ ಮಟ್ಟ ಏರಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು ಸಮುದ್ರ. ಮಾಹಿಂನಲ್ಲಿ ಭರತ ಇದ್ದರೆ ಮೀಠಿಯ ಬಾಯಿಗೆ ಬಾಗಿಲು ಹಾಕಿದಂತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಭರತವೂ ಸೇರಿಕೊಂಡಿತ್ತು. ಅಂದು ಕುರ್ಲಾ ಮುಳುಗಲು ಯಾವ ಅಣೆಕಟ್ಟೂ ಒಡೆಯಬೇಕಾಗಲಿಲ್ಲ. ಆದ್ದರಿಂದ ಇಲ್ಲಿಗೆ ಅತಿ ಕೆಟ್ಟ ಸನ್ನಿವೇಶ ಎಂದರೆ ಮಳೆಯಿಂದ ಆಗಲೇ ತುಂಬಿದ ಮೀಠಿ, ಮೇಲೆ ಭರತದ ಹೊತ್ತು, ಅದೇ ಗಳಿಗೆಗೆ ಮೇಲಿನಿಂದ ಹೆಚ್ಚುವರಿ ನೀರು. ಮುಂಬೈಗಾಗಿ ಭೂವಿಜ್ಞಾನ ಸಚಿವಾಲಯ ಮತ್ತು ಪಾಲಿಕೆ 2020ರ ಜೂನ್‌ನಲ್ಲಿ ಚಾಲನೆ ಕೊಟ್ಟ ‘ಐಫ್ಲೋಸ್’ ವ್ಯವಸ್ಥೆ ಮಳೆ, ಉಬ್ಬರವಿಳಿತ, ಚರಂಡಿ ಜಾಲಗಳನ್ನು ಒಟ್ಟಿಗೆ ನೋಡಿ ವಾರ್ಡುವಾರು ಪ್ರವಾಹ ಅಂದಾಜಿಸುತ್ತದೆ. ಅದು ಮಳೆಯ ಪ್ರವಾಹಕ್ಕೆ ಮಾಡಿದ ವ್ಯವಸ್ಥೆ. ಏರಿಯೊಳಗಿನ ಕೊರೆತ ಅದಕ್ಕೆ ಕಾಣುವುದಿಲ್ಲ.

15 ನಿಮಿಷ, 90 ನಿಮಿಷ

ಇಷ್ಟೆಲ್ಲ ಲೆಕ್ಕದ ಕೊನೆಯಲ್ಲಿ ಉಳಿಯುವ ಮುಖ್ಯ ಸಂಖ್ಯೆ ಜನರಿಗೆ ಸಿಗುವ ಎಚ್ಚರಿಕೆಯ ಸಮಯ. ಅಮೆರಿಕದ ಬ್ಯೂರೋ ಆಫ್ ರೆಕ್ಲಮೇಶನ್‌ನ ಬ್ರೌನ್ ಮತ್ತು ಗ್ರಹಾಂ 1988ರಲ್ಲಿ ಹಳೆಯ ದುರಂತಗಳನ್ನು ಆಧರಿಸಿ ಒಂದು ಒರಟು ನಿಯಮ ಕೊಟ್ಟರು. ಪ್ರವಾಹದ ದಾರಿಯಲ್ಲಿ 10,000 ಜನ ಇದ್ದಾರೆ ಎಂದುಕೊಂಡರೆ, 15 ನಿಮಿಷಕ್ಕಿಂತ ಕಡಿಮೆ ಎಚ್ಚರಿಕೆ ಸಿಕ್ಕಾಗ ಜೀವಹಾನಿ ಅರ್ಧದಷ್ಟು, ಅಂದರೆ 5,000. 15ರಿಂದ 90 ನಿಮಿಷ ಸಿಕ್ಕರೆ ಸುಮಾರು 250. 90 ನಿಮಿಷ ಮೀರಿದರೆ ಇಬ್ಬರು. ಗ್ರಹಾಂ ಅವರೇ ಮುಂದೆ 1999ರಲ್ಲಿ ಪ್ರವಾಹದ ತೀವ್ರತೆಯನ್ನೂ ಸೇರಿಸಿ ಇದನ್ನು ಪರಿಷ್ಕರಿಸಿದರು. ಆದರೂ 5,000 ಮತ್ತು ಎರಡರ ನಡುವಿನ ಅಂತರ ಕಣ್ಣಿಗೆ ರಾಚುವಂಥದ್ದು. ಅಣೆಕಟ್ಟು ಅದೇ, ನೀರು ಅದೇ, ಬದಲಾದದ್ದು ಸುದ್ದಿ ತಲುಪಿದ ಹೊತ್ತು ಮಾತ್ರ.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಪುಣೆಯ ಮೇಲಿನ ಪಾನ್‌ಶೇತ್ ಮಣ್ಣಿನ ಅಣೆಕಟ್ಟು ಇನ್ನೂ ಪೂರ್ತಿಯಾಗದೇ ಇದ್ದಾಗ, 1961ರ ಜುಲೈ 12ರಂದು ಒಡೆಯಿತು. ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟನ್ನೂ ಒಡೆಯಿತು. ಹಿಂದಿನ ರಾತ್ರಿಯಿಡೀ ಸೈನಿಕರು ಮರಳು ಚೀಲ ಪೇರಿಸಿ ಅದನ್ನು ಕೆಲವು ಗಂಟೆ ಹಿಡಿದಿಟ್ಟರು. ನೀರು ಪುಣೆಗೆ ಬಂದದ್ದು ಹಗಲಿನಲ್ಲಿ, ಊರು ಮಲಗಿದ್ದಾಗ ಅಲ್ಲ.

ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲೂಕಿನ ತಿವರೆ ಅಣೆಕಟ್ಟಿಗೆ ಆ ಅದೃಷ್ಟ ಇರಲಿಲ್ಲ. 2019ರ ಜುಲೈ 2ರ ರಾತ್ರಿ ಅದು ಒಡೆದಾಗ ಕೆಳಗಿನ ಭೇಂಡವಾಡಿಯ ಮನೆಗಳು ಕೊಚ್ಚಿಹೋದವು, ಕನಿಷ್ಠ 19 ಮಂದಿ ಸತ್ತರು. ಸೋರಿಕೆಯ ಬಗ್ಗೆ ಗ್ರಾಮಸ್ಥರು ಮೊದಲೇ ದೂರು ಕೊಟ್ಟಿದ್ದರು ಎಂದು ಆಗ ವರದಿಯಾಗಿತ್ತು. ಏಡಿಗಳಿಂದ ಸೋರಿಕೆಯಾಯಿತು ಎಂದು ಅಂದಿನ ಜಲಸಂರಕ್ಷಣಾ ಸಚಿವ ತಾನಾಜಿ ಸಾವಂತ್ ಹೇಳಿದ್ದು ದೇಶದಾದ್ಯಂತ ನಗೆಪಾಟಲಾಯಿತು. ಪ್ರಾಣಿಗಳ ಬಿಲದಿಂದ ಒಳಕೊರೆತ ಶುರುವಾಗುವುದು ಅಸಾಧ್ಯವೇನಲ್ಲ. ಆದರೆ ಬಿಲ ಹುಡುಕಿ ಮುಚ್ಚುವುದೇ ಏರಿಯ ನಿರ್ವಹಣೆ. ಏಡಿಯ ಮೇಲೆ ಹೊಣೆ ಹೊರಿಸಿದರೆ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಾರಮ್ ಅಣೆಕಟ್ಟಿನದ್ದು ತದ್ವಿರುದ್ಧ ಕಥೆ. 2022ರ ಆಗಸ್ಟ್‌ನಲ್ಲಿ ನಿರ್ಮಾಣ ಹಂತದ ಆ ಮಣ್ಣಿನ ಅಣೆಕಟ್ಟಿನಲ್ಲಿ ಸೋರಿಕೆ ಕಂಡಾಗ ಧಾರ್ ಮತ್ತು ಖರ್‌ಗೋನ್ ಜಿಲ್ಲೆಗಳ 18 ಹಳ್ಳಿಗಳನ್ನು ತೆರವು ಮಾಡಿಸಿ, ಬದಿಯಲ್ಲಿ ಕಾಲುವೆ ತೋಡಿ ನೀರನ್ನು ಬೇಕೆಂದೇ ಹೊರಬಿಡಲಾಯಿತು. ಏರಿಯ ಒಂದು ಭಾಗ ಹೋಯಿತು, ಜೀವ ಹೋಗಲಿಲ್ಲ. ಕಟ್ಟಿದ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಗಳು ಬೇರೆ. ಎಚ್ಚರಿಕೆ ಮಾತ್ರ ಕೆಲಸ ಮಾಡಿತು.

ಸುಳ್ಳು ಎಚ್ಚರಿಕೆಯೂ ಕೊಲ್ಲುತ್ತದೆ. 2005ರ ಮಹಾಮಳೆಯ ಎರಡು ದಿನಗಳ ನಂತರ, ಜುಲೈ 28ರಂದು, ಮುಂಬೈನ ಜುಹು ಭಾಗದ ನೆಹರೂ ನಗರದಲ್ಲಿ ಅಣೆಕಟ್ಟು ಒಡೆದಿದೆ, ಸುನಾಮಿ ಬರುತ್ತಿದೆ ಎಂಬ ವದಂತಿ ಹಬ್ಬಿ ಕಾಲ್ತುಳಿತವಾಯಿತು. ಕನಿಷ್ಠ 15 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಲ್ಲಿಗೆ ನೀರು ಬರಲೇ ಇಲ್ಲ. ಯಾವ ಗಲ್ಲಿಗೆ ನೀರು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಮೊದಲೇ ತೋರಿಸುವ ನಕ್ಷೆ ಇಂಥ ರಾತ್ರಿಗೂ ಬೇಕು.

ಕಾನೂನು ಏನು ಹೇಳುತ್ತದೆ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ದೇಶದಲ್ಲಿ 6,000ಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ, ಬಹುಪಾಲು ಮಣ್ಣಿನವು, ಅತಿ ಹೆಚ್ಚು ಇರುವುದು ಮಹಾರಾಷ್ಟ್ರದಲ್ಲಿ. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ. ಈಗಾಗಲೇ ಇರುವ ಅಣೆಕಟ್ಟುಗಳಿಗೆ ಕಾಯ್ದೆ ಜಾರಿಯಾದ ಐದು ವರ್ಷಗಳೊಳಗೆ, ಅಂದರೆ 2026ರ ಡಿಸೆಂಬರ್ ಅಂತ್ಯದೊಳಗೆ, ತುರ್ತು ಕ್ರಿಯಾಯೋಜನೆ ಸಿದ್ಧವಾಗಬೇಕು. ಒಡೆದರೆ ಮುಳುಗುವ ಪ್ರದೇಶದ ನಕ್ಷೆ, ಯಾರು ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬ ಪಟ್ಟಿ ಅದರ ಜೀವಾಳ.

ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳಿದ್ದರೆ 10ರಿಂದ 15 ಮೀಟರ್‌ನವಕ್ಕೆ. ಕರ್ನಾಟಕದ ಬಹುತೇಕ ಹಳ್ಳಿ ಕೆರೆಗಳ ಏರಿ ಈ ಅಳತೆಗೆ ಬರುವುದಿಲ್ಲ. ಅಲ್ಲಿ ಏರಿಯ ಮೇಲೆ ದಿನಕ್ಕೊಮ್ಮೆ ನಡೆದಾಡುವವರ ಕಣ್ಣೇ ಮುನ್ಸೂಚನೆ. ಹಿಂದೆ ಆ ಕೆಲಸ ನೀರಗಂಟಿಯದ್ದಾಗಿತ್ತು.

ನೋಡಬೇಕಾದ್ದು ಹೆಚ್ಚೇನಿಲ್ಲ. ಏರಿಯ ಹಿಂಬದಿ ಬುಡದಲ್ಲಿ ತಿಳಿನೀರು ಒಂದೇ ಪ್ರಮಾಣದಲ್ಲಿ ಜಿನುಗುತ್ತಿದ್ದರೆ ಅದು ಸಾಮಾನ್ಯವಾಗಿ ಅಪಾಯದ ಲಕ್ಷಣವಲ್ಲ. ಅದೇ ನೀರು ರಾಡಿಯಾದರೆ ಒಳಗಿನ ಮಣ್ಣು ಹೊರಬರುತ್ತಿದೆ ಎಂದರ್ಥ. ಟೀಟನ್‌ನಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ರಾಡಿ ನೀರು ಕಂಡಿತು, 11 ಗಂಟೆ 57 ನಿಮಿಷಕ್ಕೆ ಏರಿ ಕುಸಿಯಿತು. ಜಿನುಗು ದಿನೇದಿನೇ ಹೆಚ್ಚುವುದು, ಏರಿಯ ನೆತ್ತಿಯಲ್ಲಿ ಉದ್ದುದ್ದ ಬಿರುಕು, ಒಂದು ಕಡೆ ಮಣ್ಣು ಕುಳಿಬೀಳುವುದು, ಕೆರೆಯ ನೀರಿನಲ್ಲಿ ಏರಿಯ ಹತ್ತಿರ ಸುಳಿ ಏಳುವುದು, ಕೋಡಿ ಕಸದಿಂದ ಕಟ್ಟಿಕೊಳ್ಳುವುದು, ಇವು ಕಂಡರೆ ಫೋಟೊ ತೆಗೆದು ಗುಂಪುಗಳಿಗೆ ಹಂಚುವ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಮುಂಬೈನಲ್ಲಿ ಪಾಲಿಕೆಯ ವಿಪತ್ತು ನಿರ್ವಹಣಾ ಸಹಾಯವಾಣಿ 1916, ಕರ್ನಾಟಕದಲ್ಲಿ ಜಿಲ್ಲಾ ವಿಪತ್ತು ಸಹಾಯವಾಣಿ 1077.